ದೇವರನ್ನು ದಬಾಯಿಸುತ್ತಿದ್ದ ಉಪದೇಶಿ

ಉಪದೇಶಿ ಚೌರಪ್ಪನವರ ಮೊಪೆಡ್ ನಮ್ಮ ಬೀದಿಗೆ ತಿರುಗಿತೆಂದರೆ ಜನ ಕೆಮ್ಮುವುದನ್ನು ನಿಲ್ಲಿಸುತ್ತಿದ್ದರು. ಕೆಮ್ಮು ಕೇಳಿಸಿದ ಮನೆಗೆ ಅವರು ನುಗ್ಗುವುದು ಖಚಿತವಾಗಿತ್ತು. ಭಾರತೀನಗರದ ಪಕ್ಕದ ನಮ್ಮೂರಿನ ಪುಟ್ಟ ಚರ್ಚಿಗೆ ಫಾದರ್ ಬರುತ್ತಿದ್ದುದು ಭಾನುವಾರ ಮಾತ್ರ. ಉಳಿದ ದಿನಗಳಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಧರ್ಮಪಾಠ ಕಲಿಸುವುದು, ಕಾಯಿಲೆಯವರನ್ನು ನೋಡಿಬರುವುದು ಎಲ್ಲವೂ ಉಪದೇಶಿಗಳ ಪಾಲು. ಮೂರನೆಯದರಲ್ಲಿ ಅವರಿಗೆ ವಿಶೇಷ ಉತ್ಸಾಹ. ಸಕ್ಕರೆ ಕಾರ್ಖಾನೆಯ ಯಂತ್ರಗಳ ನಡುವೆ ಕೂಗಿ ಕೂಗಿ ನಿವೃತ್ತರಾಗಿದ್ದ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಚರ್ಚಿಗೆ ಹೊಸದಾಗಿ ಮೈಕು ತಂದಾಗ ಊರೆಲ್ಲ ಚಪ್ಪಾಳೆ ತಟ್ಟಿತು, ಅವರೊಬ್ಬರು ಮಾತ್ರ ಅದನ್ನು ವೈಯಕ್ತಿಕ ಅವಮಾನ ಎಂದುಕೊಂಡರು.

ನನ್ನ ಹೆಂಡತಿ ಫಿಲೋಮಿನಳಿಗೆ ರಕ್ತದ ಕ್ಯಾನ್ಸರ್ ಎಂದು ಮೈಸೂರಿನ ಡಾಕ್ಟರು ಹೇಳಿದ ವಾರ, ನಮ್ಮ ನೆಂಟರಿಷ್ಟರೆಲ್ಲ ಒಟ್ಟಿಗೆ ವೈದ್ಯರಾದರು. ಒಬ್ಬರು ಪಪ್ಪಾಯಿ ಎಲೆಯ ರಸ ಕಳಿಸಿದರು. ಇನ್ನೊಬ್ಬರು ಸಕ್ಕರೆ ಬಿಟ್ಟರೆ ಸಾಕು, ಕ್ಯಾನ್ಸರ್ ತಾನಾಗಿಯೇ ಓಡುತ್ತದೆ ಎಂಬ ವೀಡಿಯೊ ಕಳಿಸಿದರು. ಅವರ ಜಮೀನಿನ ತುಂಬ ಕಬ್ಬು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ನಾನು ಇದನ್ನೆಲ್ಲ ನೋಡಿ ನಗಬೇಕಿತ್ತು. ಆದರೆ ಬಾಗಿಲು ಹಾಕಿಕೊಂಡು ಎಲ್ಲ ವೀಡಿಯೊಗಳನ್ನೂ ಕೊನೆಯವರೆಗೆ ನೋಡಿದೆ. ನನಗೆ ಅಷ್ಟು ಭಯವಾಗಿತ್ತು. ದೇವರ ವಿಚಾರದಲ್ಲಿ ನಾನು ಕ್ರಿಸ್‌ಮಸ್‌ಗೆ ಹೊಸ ಅಂಗಿ ಹಾಕಿಕೊಂಡು ಹೋಗಿ, ಕೇಕು ತಿಂದು ಬರುವ ಮಟ್ಟದ ಭಕ್ತ.

ಉಪದೇಶಿಗಳು ಬಂದರು. ಹೇಗಿದ್ದೀಯಮ್ಮ ಎಂದು ಕೇಳಲಿಲ್ಲ. ಯಾರನ್ನೂ ಹಾಗೆ ಕೇಳುವ ಪದ್ಧತಿ ಅವರಿಗಿರಲಿಲ್ಲ. ನೆಟ್ಟಗೆ ಗೋಡೆಯ ಮೇಲಿನ ಯೇಸುವಿನ ಪಟದ ಮುಂದೆ ನಿಂತು, ಸೊಂಟಕ್ಕೆ ಕೈ ಕೊಟ್ಟು, ದಬಾಯಿಸಲು ಶುರು ಮಾಡಿದರು.

"ಏನ್ ಸ್ವಾಮಿ, ಸತ್ತು ಗೋರಿಗೆ ಓಗಿದ್ದ ಲಾಜರನ್ನೇ ಎಬ್ಬಿಸ್ದೋನು ನೀನು. ಇವ್ಳಿನ್ನೂ ಬದುಕವ್ಳೆ. ಅದ್ಕಿಂತ ಸಲೀಸು ಕೆಲ್ಸ ಅಲ್ವಾ ಇದು? ಮತ್ತೆ ಯಾಕೆ ಮೀನಮೇಷ ಎಣಿಸ್ತಾ ಕುಂತಿದ್ದೀಯೆ? ನಾನು ನಾಳೀಕೂ ಬತ್ತೀನಿ, ಕೇಳ್ತೀನಿ."

ಸಾಲ ವಸೂಲಿಗೆ ಬಂದವರಂತೆ ಮಾತಾಡಿ, ಶಿಲುಬೆ ಗುರುತು ಹಾಕಿಕೊಂಡು ಕಾಫಿಗೆ ಕೂತರು. "ಉಪದೇಶಿಗಳೇ, ದೇವರಿಗೆ ಹೀಗೆಲ್ಲ ಅನ್ನಬಹುದಾ?" ಎಂದೆ.

"ನಮ್ಮ ಮಂಡ್ಯದೋರು ಇನ್ನೆಂಗ್ಲಾ ಮಾತಾಡಾದು? ನಯವಾಗಿ ಕೇಳಿದ್ರೆ ಅವ್ನಿಗೆ ಅನುಮಾನ ಬತ್ತದೆ, ಇವ್ನು ನಮ್ಮೋನಲ್ಲ ಅಂತ."

ಹೇಳಿದಂತೆಯೇ ಮರುದಿನವೂ ಬಂದರು, ಅದರ ಮರುದಿನವೂ ಬಂದರು. ಕ್ರಿಸ್‌ಮಸ್ ಹತ್ತಿರ ಬರುವ ಹೊತ್ತಿಗೆ ಫಿಲೋಮಿನಳ ಕೂದಲೆಲ್ಲ ಉದುರಿತ್ತು. ಅವಳು ಗೋಡೆಯ ಕಡೆ ತಿರುಗಿ ಮಲಗಿದರೆ ಈ ಕಡೆ ತಿರುಗುತ್ತಿರಲಿಲ್ಲ. ಅಂಥ ಒಂದು ಸಂಜೆ ಉಪದೇಶಿಗಳು ಬಂದು, "ಫಿಲೋಮಿನ, ಈ ಸಲ ಪಾಸ್ಕ ಹಬ್ಬದ ಬೆಳಗಿನ ಪೂಜೇಲಿ ಮೊದಲ್ನೇ ಬೈಬಲ್ ವಾಚನ ನಿಂದು. ಈಗ್ಲಿಂದ್ಲೇ ಓದ್ಕೊ. ಓದ್ಸಲ ಓದ್ದೋಳು ಎಲ್ರೂ ಆಕಳಿಸೋ ಅಂಗೆ ಓದುದ್ಲು," ಎಂದರು.

ಪಾಸ್ಕಕ್ಕೆ, ಅಂದರೆ ಈಸ್ಟರ್‌ಗೆ, ಇನ್ನೂ ತಿಂಗಳುಗಟ್ಟಲೆ ಇತ್ತು. ಡಾಕ್ಟರಂತೂ ವಾರದಾಚೆಗಿನ ಮಾತಿಗೆ ಬಾಯೇ ಬಿಡುತ್ತಿರಲಿಲ್ಲ. ನಾನು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ರೇಗಿದೆ. "ಅಷ್ಟು ಹೊತ್ತಿಗೆ ಅವಳು ಇರುತ್ತಾಳೋ ಇಲ್ಲವೋ ಅಂತ ನಾನು ಸಾಯ್ತಿದ್ದೀನಿ. ನಿಮಗೆ ಪಾಸ್ಕದ ಚಿಂತೆಯಾ?"

"ಇರದೆ ಎಲ್ಲಿಗ್ಲಾ ಓದಾಳು? ನಾನು ಅವನ್ನ ಕೇಳೀವ್ನಿ. ಆಗಾಕಿಲ್ಲ ಅಂತ ಅವ್ನಿನ್ನೂ ಏಳಿಲ್ಲ. ನೀನ್ಯಾವನ್ಲಾ ಮದ್ಯೆ ಏಳಾಕೆ?"

ಅವರನ್ನು ಅಲ್ಲೇ ಬಿಟ್ಟು ತಿರುಗಿದೆ. ನಾನು ಒಳಗೆ ಬಂದಾಗ ಫಿಲೋಮಿನ ಎದ್ದು ಕೂತಿದ್ದಳು. "ಹೋದ ಸಲ ಓದಿದವಳು ಹಬ್ಬಕ್ಕೆ ಅಂತ ಹಲಗೂರಿಂದ ಬಂದಿದ್ದ ನಮ್ಮ ಅತ್ತಿಗೆ ಕಣ್ರೀ," ಎಂದಳು. ಅವಳ ಕಣ್ಣಲ್ಲಿ ಏನೋ ಹೊಳೆಯಿತು. ಅದು ಶುದ್ಧ ಭಕ್ತಿ ಎಂದು ನಾನು ಹೇಳಲಾರೆ. ಮುಂದಿನ ಸಲ ಮೈಸೂರಿನ ಆಸ್ಪತ್ರೆಗೆ ಹೊರಟಾಗ ಬ್ಯಾಗಿನಲ್ಲಿ ಬೈಬಲ್ ಇತ್ತು. ಕೈಗೆ ಡ್ರಿಪ್ಪು ಹಾಕಿಸಿಕೊಂಡು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಏರಿಸಬೇಕು ಎಂದು ಅಭ್ಯಾಸ ಮಾಡುತ್ತಿದ್ದಳು.

ಆದರೆ ಪಾಸ್ಕಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲದಲ್ಲಿ ಜ್ವರ ಬಂದು ಬಿಡಲೇ ಇಲ್ಲ. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಮನೆಯಲ್ಲಿ ನೋಡಿಕೊಳ್ಳಿ ಎಂದು ಕಳಿಸಿದರು. ಆ ಮಾತಿಗೆ ನಾನು ನನಗೆ ತೋಚಿದ ಅರ್ಥ ಮಾಡಿಕೊಂಡೆ. ಉಪದೇಶಿಗಳು ಹೋಗಿ ಫಾದರನ್ನು ಕರೆತಂದರು. ಫಾದರ್ ಪ್ರಾರ್ಥಿಸಿ ಅವಳ ಹಣೆಗೂ ಅಂಗೈಗೂ ಪವಿತ್ರ ಎಣ್ಣೆ ಹಚ್ಚಿದರು. ಕಾಯಿಲೆಯವರಿಗೆ ಬಲ ಬರಲಿ ಎಂದು ಮಾಡುವ ಸಂಸ್ಕಾರ ಅದು. ಹಾಗಂತ ಪ್ರತಿ ವರ್ಷ ಪ್ರವಚನದಲ್ಲಿ ಹೇಳುತ್ತಾರೆ, ಪ್ರತಿ ವರ್ಷವೂ ನಮ್ಮವರು ತಲೆಯಾಡಿಸುತ್ತಾರೆ. ಆದರೆ ಹಳೇ ಕಾಲದಲ್ಲಿ ಉಸಿರು ಹೋಗುವ ಮುಂಚೆ ಮಾತ್ರ ಎಣ್ಣೆ ಹಚ್ಚುತ್ತಿದ್ದರಲ್ಲ, ನಮ್ಮ ಜನಕ್ಕೆ ಇವತ್ತಿಗೂ ಎಣ್ಣೆ ಆಯಿತೆಂದರೆ ಎಲ್ಲ ಆಯಿತು ಎಂದೇ ಲೆಕ್ಕ. ಪಕ್ಕದ ಮನೆಯ ಮರಿಯಮ್ಮ ಕಿಟಕಿಯಿಂದ ನೋಡಿದವರೇ ಹಲಗೂರಿನ ನನ್ನ ಮಾವನ ಮನೆಗೆ ಫೋನು ಮಾಡಿದರು. "ಎಣ್ಣೆ ಆಯ್ತು ಕಣಮ್ಮ, ಒಂಟುಬನ್ನಿ," ಎಂದರು.

ಮಧ್ಯಾಹ್ನ ಒಂದು ಟೆಂಪೊ ತುಂಬ ಜನ ಬಂದಿಳಿದರು. ಬೀದಿ ತಿರುವಿನಿಂದಲೇ ಎದೆ ಬಡಿದುಕೊಂಡು ಅಳುತ್ತ ಬಂದರು. ದೊಡ್ಡದೊಂದು ಗುಲಾಬಿ ಹಾರವನ್ನು ಇಬ್ಬರು ಹಿಡಿದಿದ್ದರು. ಜ್ವರ ಇಳಿದು ಬೆವೆತಿದ್ದ ಫಿಲೋಮಿನ ದಿಂಬಿಗೆ ಒರಗಿ ರಾಗಿ ಅಂಬಲಿ ಕುಡಿಯುತ್ತಿದ್ದಳು. ಬಾಗಿಲಲ್ಲಿ ಅಳು ಗಕ್ಕನೆ ನಿಂತಿತು. ಕೆಲವರಿಗೆ ಸಂತೋಷವಾಯಿತು, ಕೆಲವರಿಗೆ ಟೆಂಪೊ ಬಾಡಿಗೆ ನೆನಪಾಯಿತು.

ಉಪದೇಶಿಗಳು ಇನ್ನೂ ಅಲ್ಲೇ ಇದ್ದರು. "ಯಾಕ್ರಮ್ಮ ನಿಲ್ಲಿಸ್ಬುಟ್ರಿ? ಬಂದೋರು ಬಂದಿದ್ದೀರಿ, ಕುಂತ್ಕಳಿ, ಒಂದು ಜಪಸರ ಏಳ್ಬುಡಣ. ಆ ಆರ ಇತ್ತಗೆ ಕೊಡಿ," ಎಂದು ಹಾರವನ್ನು ಕಿತ್ತುಕೊಂಡು ಯೇಸುವಿನ ಪಟಕ್ಕೆ ಹಾಕಿದರು. ಪಟ ಚಿಕ್ಕದು, ಹಾರ ಹೆಣದ ಅಳತೆಯದು. ಹೂವಿನ ರಾಶಿಯಲ್ಲಿ ದೇವರ ಕಣ್ಣಷ್ಟೇ ಕಾಣುತ್ತಿತ್ತು.

ಫಿಲೋಮಿನ ಎಲ್ಲರನ್ನೂ ಒಂದು ಸುತ್ತು ನೋಡಿದಳು. "ಅತ್ತಿಗೆ ಬಂದಿಲ್ವಾ?" ಎಂದಳು. ಇಲ್ಲವೆಂದರು, ಮನೆಯಲ್ಲಿ ಏನೋ ಕೆಲಸವಂತೆ. "ನನ್ ಸಾವ್ಗೂ ಬರಾಕೆ ಆಗ್ನಿಲ್ವಾ ಅವ್ಳಿಗೆ!" ಎಂದು ನಗಲು ಶುರು ಮಾಡಿದಳು. ಅಂಬಲಿ ಚೆಲ್ಲಿತು. ಕೆಮ್ಮು ಬಂತು, ಆದರೂ ನಕ್ಕಳು. ಎಷ್ಟೋ ತಿಂಗಳ ಮೇಲೆ ನಾನು ಆ ನಗು ಕೇಳಿದ್ದು. ಅಡುಗೆಮನೆಗೆ ಹೋಗಿ ಗೋಡೆಗೆ ತಲೆ ಆನಿಸಿ ಅತ್ತೆ. ಇವಳು ಬದುಕಬಹುದು ಎಂದು ನನಗೆ ಮೊದಲ ಬಾರಿಗೆ ಅನಿಸಿತು. ಹೊರಗೆ ಹಲಗೂರಿನವರೆಲ್ಲ ಜಪ ಹೇಳುತ್ತಿದ್ದರು. ಯಾರೂ ಕರೆಯದೆ ನಾನೂ ಹೋಗಿ ಅವರ ಹಿಂದೆ ಕೂತೆ. ಅಷ್ಟು ಜನಕ್ಕೆ ಅಡುಗೆ ಮಾಡಿಸುವ ಚಿಂತೆ ಆಮೇಲೆ ಬಂತು.

ಪಾಸ್ಕದ ಬೆಳಿಗ್ಗೆ ಅವಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ನನ್ನ ತೋಳು ಹಿಡಿದು ಹೋಗಿ ಓದಿದಳು. ಯಾರೂ ಆಕಳಿಸಲಿಲ್ಲ. ಅತ್ತಿಗೆ ಮುಂದಿನ ಸಾಲಿನಲ್ಲೇ ಇದ್ದರು. ಪೂಜೆ ಮುಗಿದ ಮೇಲೆ ಉಪದೇಶಿಗಳು, "ಎರಡು ಕಡೆ ತಪ್ಪು ಓದುದ್ಲು," ಎಂದರು. ಅದೇ ಅವರ ಅಭಿನಂದನೆ.

ಕಾಯಿಲೆ ಹಿಂದೆ ಸರಿಯಿತು. ಹೋಯಿತು ಎಂದು ಡಾಕ್ಟರು ಇವತ್ತಿಗೂ ಹೇಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಚೆಕಪ್ ಇದೆ. ಪ್ರತಿ ಸಲ ಮೈಸೂರಿಗೆ ಹೊರಡುವ ಮುಂಚೆ ಉಪದೇಶಿಗಳು ಬಂದು ಪಟದ ಮುಂದೆ ಗುಡುಗಿ ಹೋಗುತ್ತಿದ್ದರು. ನಾನು ವ್ಯಂಗ್ಯವಾಡುತ್ತಲೇ ಅವರಿಗಾಗಿ ಕಾಯುತ್ತಿದ್ದೆ. ಅವರು ಬರುವುದು ತಡವಾದರೆ ಬೀದಿ ತಿರುವಿನವರೆಗೆ ಹೋಗಿ ಮೊಪೆಡ್ ಸದ್ದಿಗೆ ಕಿವಿಗೊಡುತ್ತಿದ್ದೆ.

ಊರವರ ಕೆಮ್ಮನ್ನೆಲ್ಲ ವಿಚಾರಿಸಿಕೊಂಡವರು ತಮ್ಮ ಕೆಮ್ಮನ್ನು ಯಾರಿಗೂ ಹೇಳಿರಲಿಲ್ಲ. ಈ ಮಳೆಗಾಲದಲ್ಲಿ ಅವರನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಿದರು. ನಾನು ಹೋದಾಗ ಮೂಗಿಗೆ ಆಕ್ಸಿಜನ್ ಹಾಕಿದ್ದರು. ದನಿ ಪೂರ್ತಿ ಬಿದ್ದುಹೋಗಿತ್ತು. "ಫಿಲೋಮಿನಂದು ಚೆಕಪ್ ಯಾವಾಗ್ಲಾ?" ಎಂದು ಪಿಸುಗುಟ್ಟಿದರು. ಸೋಮವಾರ ಎಂದೆ. ಛಾವಣಿಯತ್ತ ನೋಡಿ ಬಾಯಿ ತೆರೆದರು, ಗಾಳಿಯಷ್ಟೇ ಬಂತು. ನನ್ನ ಕಡೆ ಬೆರಳು ಮಾಡಿದರು. ನೀನೇ ಕೇಳು ಎಂದು.

ದಿನವೂ ತುಂಬಿದ ತರಗತಿಯಲ್ಲಿ ಮಾತಾಡುವ ನಾನು ಯಾರು ಕೇಳಿಸಿಕೊಳ್ಳುತ್ತಾರೋ ಎಂದು ವಾರ್ಡಿನ ಸುತ್ತ ನೋಡಿದೆ. ಪಕ್ಕದ ಮಂಚದಲ್ಲಿದ್ದ ಗೆಜ್ಜಲಗೆರೆಯ ಮೆಕ್ಯಾನಿಕ್ ಸಾಬರು, "ಏಳಿ ಸಾ, ನಾವೂ ಆಮೀನ್ ಅಂತೀವಿ," ಎಂದರು. ಕಣ್ಣು ಮುಚ್ಚಿ, "ದೇವರೇ, ದಯವಿಟ್ಟು ನನ್ನ ಹೆಂಡತಿಯನ್ನು ಕಾಪಾಡಬೇಕು. ಉಪದೇಶಿಗಳನ್ನೂ ಕಾಪಾಡಬೇಕು ಎಂದು ಕೇಳಿಕೊಳ್ಳುತ್ತೇನೆ," ಎಂದೆ.

ಉಪದೇಶಿಗಳ ಮುಖ ಕಹಿಯಾಯಿತು. ಉಸಿರು ಒಟ್ಟುಗೂಡಿಸಿಕೊಂಡು ಪಿಸುಗುಟ್ಟಿದರು, "ತಾಲ್ಲೂಕಾಪೀಸಿಗೆ ಅರ್ಜಿ ಕೊಟ್ಟಂಗೈತೆ. ಎಂಗ್ಲಾ ಆದಾದು ಕೆಲ್ಸ?"

ಅವರು ಹೇಳಿದ್ದು ಅರ್ಧ ನಿಜವಾಯಿತು. ಶನಿವಾರ ಹೋಗಿಬಿಟ್ಟರು. ಭಾನುವಾರ ಮಣ್ಣು ಮಾಡಿದೆವು. ಸೋಮವಾರ ಬೆಳಿಗ್ಗೆ ನಾನೂ ಫಿಲೋಮಿನಳೂ ಮೈಸೂರು ಬಸ್ಸಿಗೆ ನಿಂತಿದ್ದೆವು. ಕಾಲೇಜು ಹುಡುಗರು, ಕಬ್ಬು ಕಡಿಯುವವರು, ಎಲ್ಲರೂ ಇದ್ದರು. ಅವಳು ನನ್ನ ಕೈ ಹಿಡಿದುಕೊಂಡಳು. "ಈ ಸಲ ನಂಗೋಸ್ಕರ ಯಾರೂ ದಬಾಯಿಸಿ ಕೇಳಲಿಲ್ಲ ಕಣ್ರೀ," ಎಂದಳು.

ನಾನು ಸೊಂಟಕ್ಕೆ ಕೈ ಕೊಟ್ಟೆ.

"ಏನ್ ಸ್ವಾಮಿ," ಎಂದೆ ಗಟ್ಟಿಯಾಗಿ. ನನ್ನ ವಿದ್ಯಾರ್ಥಿಗಳೆಲ್ಲ ತಿರುಗಿ ನೋಡಿದರು. "ಉಪದೇಶಿ ಈಗ ನಿನ್ ಪಕ್ಕಕ್ಕೇ ಬಂದವ್ರೆ. ಅವ್ರ ಗಂಟ್ಲು ನಿಂಗೆ ಗೊತ್ತೈತೆ. ಇನ್ಮ್ಯಾಕೆ ಕೇಳಿಸ್ನಿಲ್ಲ ಅನ್ನಂಗಿಲ್ಲ."

ಫಿಲೋಮಿನ ಆಮೆನ್ ಎಂದಳು.