ಬಾದಾಮಿಯೋ ಗೋಪಿಯೋ

ಅರವತ್ತರ ದಶಕದ ಮೊದಲ ವರ್ಷಗಳು. ದಾಂಡೇಲಿಯ ಕಾಗದದ ಗಿರಣಿಯಲ್ಲಿ ಕೆಲಸ ಸಿಕ್ಕಿ, ಬಂಗೂರನಗರದಲ್ಲಿ ಎರಡು ಕೋಣೆಯ ಮನೆಯೂ ಸಿಕ್ಕಿತ್ತು. ನಾನು, ಹೆಂಡತಿ, ವರ್ಷ ತುಂಬಿದ ಮಗಳು. ಹೆರಿಗೆಗೆ ಮುಂಚೆಯೇ ಹಳಿಯಾಳದ ಕಡೆಯ ನಮ್ಮ ಹಳ್ಳಿಯಿಂದ ಬಂದ ಅವ್ವ ನಮ್ಮೊಡನೆಯೇ ಉಳಿದಿದ್ದಳು. ಆ ದೀಪಾವಳಿಗೆ ಸುಣ್ಣ ಬೇಡ, ಬಣ್ಣ ಹೊಡೆಸೋಣವೆಂದು ಹೆಂಡತಿ ಹಟ ಹಿಡಿದಳು.

ಬಣ್ಣದವನು ಕಿಟಕಿಯ ಎಡಕ್ಕೊಂದು, ಬಲಕ್ಕೊಂದು ತಟ್ಟೆಯಗಲ ಬಳಿದು ತೋರಿಸಿದ. ಒಂದು ಬಾದಾಮಿ, ಇನ್ನೊಂದು ಗೋಪಿಚಂದನದಂಥ ಗೋಪಿ. ಹಸಿಯಿದ್ದಾಗ ಬೇರೆ ಬೇರೆ ಕಂಡವು, ಒಣಗಿದ ಮೇಲೆ ಅಕ್ಕತಂಗಿಯರಂತಾದವು. ಗೋಪಿಯಲ್ಲಿ ಚೂರು ಕೆಂಪು ಹೆಚ್ಚು, ಅಷ್ಟೇ. ಹೆಂಡತಿಗೆ ಗೋಪಿ ಬೇಕು. ಕೋಣೆ ಕತ್ತಲಾದೀತೆಂದು ನನಗೆ ಬಾದಾಮಿ. ಬಾಗಿಲು ತೆರೆದು ನೋಡಿದೆವು, ಮುಚ್ಚಿ ನೋಡಿದೆವು. ಬಣ್ಣದವನಿಗೆ ಬೇಸರ ಬಂತು.

"ಅವ್ವಾರನ್ನ ಕೇಳ್ರಿ. ಅವರು ಹೇಳಿದ್ದ ಹಚ್ಚತೇನಿ."

ಒಳಗೆ ಅಕ್ಕಿ ಆರಿಸುತ್ತಿದ್ದ ಅವ್ವ ಸೆರಗು ಕೊಡವಿಕೊಂಡು ಬಂದಳು.

"ಗ್ವಾಡಿಗೆ ಎರಡು ಬಣ್ಣ ಬಳದಾರ. ಯಾವ್ದು ಚಲೋ ಐತಿ ಹೇಳು" ಎಂದೆ.

ಅವ್ವ ಗೋಡೆಗುಂಟ ನಡೆದು, ಗೂಟಕ್ಕೆ ತೂಗುಹಾಕಿದ್ದ ನನ್ನ ಖಾಕಿ ಅಂಗಿಯತ್ತ ಕೈ ಮಾಡಿದಳು. "ಇದ ಇರಲಿ. ಚಲೋ ಕಾಣತೈತಿ."

ಬಣ್ಣದವನು ನಕ್ಕ. ಆದರೆ ಅವ್ವ ತಮಾಷೆ ಮಾಡುವವಳಲ್ಲ. ನಾನು ಹತ್ತಿರ ಹೋಗಿ ಎರಡು ಬೆರಳು ಹಿಡಿದು, ಎಷ್ಟು ಎಂದು ಕೇಳಿದೆ. ಅವ್ವ ಕೈ ಚಾಚಿ ನನ್ನ ಬೆರಳುಗಳನ್ನು ತಡವಿದಳು.

"ಯಾವಾಗಿಂದ ಹಿಂಗಾತು?"

"ಊರಾಗಿದ್ದಾಗಿಂದನ. ಬೆಳಕು ಕಾಣತೈತಿ, ನೆಳ್ಳು ಕಾಣತೈತಿ. ಇಷ್ಟಕ್ಕ ಯಾಕ ಗಾಬರಿ ಆಗ್ತಿ?"

ಮಗಳನ್ನು ಎತ್ತಿಕೊಂಡು ನಿಂತಿದ್ದ ಹೆಂಡತಿ ಮುಂದೆ ಬಂದಳು. "ಅತ್ತಿ, ಹಂಗಾರ ಕೂಸಿನ ಮಾರೀನೂ ನೋಡಿಲ್ಲೇನ್ರಿ?"

"ದಿನಾ ಎರೀತೇನಲ್ಲ, ಕೈಲೆ ನೋಡೇನಿ."

ಹುಟ್ಟಿದಾಗಿನಿಂದ ಆ ಮಗುವಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಕಾಡಿಗೆ ತೀಡಿದವಳು ಅವ್ವ. ಆ ಕಾಡಿಗೆ ಒಮ್ಮೆಯೂ ಆಚೀಚೆ ಆದದ್ದು ನನಗೆ ನೆನಪಿಲ್ಲ. ಬಣ್ಣದವನು ಕುಂಚ ನೀರಿಗೆ ಅದ್ದಿ, "ಆಮ್ಯಾಲೆ ಬರ್ತೇನ್ರಿ" ಎಂದು ಹೊರಟುಹೋದ. ಆ ವರ್ಷ ಗೋಡೆಗೆ ಸುಣ್ಣವೇ ಆಯಿತು.

ಅವ್ವನನ್ನು ಹುಬ್ಬಳ್ಳಿಗೆ ಕರೆದೊಯ್ದು ಪೊರೆ ತೆಗೆಸಿದೆವು. ಒಂದು ಕಣ್ಣು ಬಂತು. ಇನ್ನೊಂದಕ್ಕೆ ತಡವಾಗಿತ್ತು. ದಪ್ಪ ಕನ್ನಡಕ ಹಾಕಿಕೊಂಡು ಮೊಮ್ಮಗಳನ್ನು ಅವ್ವ ಬಹಳ ಹೊತ್ತು ನೋಡಿದಳು. "ಹಿಂಗ ಇರ್ತಾಳಂತ ತಿಳಕೊಂಡಿದ್ದಿಲ್ಲ ನಾ" ಎಂದಳು. ಕನ್ನಡಕದೊಳಗಿನ ದೊಡ್ಡ ಕಣ್ಣು ಕಂಡು ಮಗಳು ಬೆಚ್ಚಿ, ಕಿರುಚಿ ಅಳತೊಡಗಿದಳು. ಅವ್ವ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕೈ ಚಾಚಿದಳು. ಮಗು ಅವಳ ಕೈಗೆ ಹೋಯಿತು.