ಬೇವು ಬಿದ್ದ ಜಾಗ

ಇವತ್ತು ಬೆಳಿಗ್ಗೆ ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರೋ ನೂಲಿಗೆ ಹಚ್ಚುವ ಗಂಜಿ ಕುದಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದರೆ ನನಗೆ ತಲೆಯ ಮೇಲೆ ಬೇವಿನ ನೆರಳು ಬಂದಂತಾಗುತ್ತದೆ. ತಲೆ ಎತ್ತಿದೆ. ಬರೀ ಬಿಸಿಲು.

ನಾನು ಚಿಕ್ಕವಳಿದ್ದಾಗ ಓಣಿಯ ಬೇವಿನ ಕೆಳಗೇ ಹಾಸು ಚಾಚಿ ಗಂಜಿ ಹಚ್ಚುತ್ತಿದ್ದರು. ಹಾಸೆಂದರೆ ಮಗ್ಗಕ್ಕೆ ಏರಿಸುವ ಉದ್ದನೆಯ ಎಳೆಗಳು. ಬಿಸಿಲಲ್ಲಿ ಗಂಜಿ ಬೇಗ ಒಣಗಿ ಎಳೆ ಹರಿಯುತ್ತವೆ, ಅದಕ್ಕೇ ನೆರಳು ಬೇಕು. ಹಸಿ ನೂಲಿಗೆ ಕಡ್ಡಿ ಅಂಟಿದರೂ ಕೆಲಸ ಕೆಟ್ಟಿತು. ಹಾಗಾಗಿ ಅವ್ವ ನಸುಕಿನಲ್ಲೇ ಕಸಬರಿಗೆ ಹಿಡಿಯುತ್ತಿದ್ದಳು. ಮಳೆಗಾಲದಲ್ಲಿ ಬುಡಕ್ಕೆ ಎದ್ದ ಬೇವಿನ ಸಸಿಗಳನ್ನೂ ಕಿತ್ತೊಗೆಯುತ್ತಿದ್ದಳು. ನಮ್ಮ ಮಗ್ಗ ನಿಂತ ಮೇಲೂ ಆ ರೂಢಿ ಬಿಡಲಿಲ್ಲ.

ನಮ್ಮ ಮನೆತನದಲ್ಲಿ ಪದವಿ ಕಂಡವಳು ನಾನೇ ಮೊದಲು. ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಸಸ್ಯಶಾಸ್ತ್ರ ಓದಿದೆ. ಆ ಹೆಮ್ಮೆ ಇನ್ನೂ ಇಳಿದಿಲ್ಲ. ಕಾಲೇಜಿನವರು ಒಮ್ಮೆ ಘಟ್ಟದ ಕಾಡಿಗೂ ಕರೆದೊಯ್ದಿದ್ದರು. ಅಲ್ಲಿ ನಾನು ಗಿಡಕ್ಕಿಂತ ಜಿಗಣೆಯನ್ನೇ ಹೆಚ್ಚು ನೋಡಿದೆನೆನ್ನಿ. ಹೋದ ವರ್ಷ ಗಾಳಿಗೆ ಬೇವು ಉರುಳಿ, ಅವ್ವ ಊಟ ಬಿಟ್ಟು ಕುಳಿತಾಗ, ಸಮಾಧಾನ ಹೇಳಲು ನನ್ನ ಹತ್ತಿರ ಆ ಓದೇ ಇತ್ತು.

"ಯವ್ವಾ, ಕಾಡಿನ್ಯಾಗ ದೊಡ್ಡ ಗಿಡ ಬಿದ್ರ ಅಲ್ಲಿ ಬೆಳಕು ಬೀಳತೈತಿ. ಬುಡಕ ವರ್ಷಗಟ್ಟಲೆ ಗೇಣುದ್ದ ನಿಂತ ಸಸಿ ಇರತಾವು, ಬೆಳಕಿನ ದಾರಿ ಕಾಯಕೋತ. ಅವು ಒಮ್ಮೆಲೆ ಎದ್ದು ಬೆಳಿತಾವು."

"ನಮ್ದೂ ಏಳತೈತೇನು?"

"ಏಳದ ಏನ್ ಮಾಡತೈತಿ."

"ಸಾಲಿ ಕಲ್ತಾಕಿ ಹೇಳ್ಯಾಳಂದ್ರ ಎದ್ದಂಗ ಆತು ಬಿಡು," ಎಂದು ಪಕ್ಕದ ಮನೆಯ ಕಾಕಾ ನಕ್ಕ.

ಅವ್ವ ನಂಬಿದಳು. ಆ ಜಾಗದ ಸುತ್ತ ಕಲ್ಲಿಟ್ಟು, ಒಳಗೆ ಯಾರೂ ಕಾಲಿಡದಂತೆ ಕಾದಳು. ಮಳೆಯೂ ಬಂತು. ಎದ್ದದ್ದು ಬರೀ ಉತ್ತರಾಣಿ ಕಳೆ.

"ಒಂದೂ ಬೇವು ಇಲ್ಲಲ್ಲವಾ?" ಎಂದಳು ಅವ್ವ.

ಬೇವಿನ ಬೀಜ ಮಣ್ಣಲ್ಲಿ ಬಹಳ ದಿನ ಜೀವ ಹಿಡಿಯುವುದಿಲ್ಲ; ಕಾಯಬೇಕಾದದ್ದು ಸಸಿಯೇ. ಸುಮ್ಮನಿರಬಹುದಿತ್ತು. "ಮೊದಲಿಂದ ಬುಡಕ ಸಸಿ ಇದ್ದಿದ್ರ ಬರತಿತ್ತು," ಎಂದುಬಿಟ್ಟೆ.

ಅವ್ವ ತನ್ನ ಕೈ ನೋಡಿಕೊಂಡಳು.

"ಹಂಗಾರ ಅವನ್ನ ಕೊಂದಾಕಿ ನಾನ."

ಮುಧೋಳದಿಂದ ಒಂದು ಸಸಿ ತಂದು ನೆಟ್ಟೆ. ಇದು ಬಿದ್ದ ಬೇವಿನ ಮರಿಯಲ್ಲ ಎಂದು ಅವಳು ಅದರತ್ತ ತಿರುಗಲಿಲ್ಲ. ನಾನು ನೀರು ಹಾಕಿದೆ, ಆದರೂ ಬೇಸಿಗೆಗೆ ಸುಟ್ಟುಹೋಯಿತು.

ಇವತ್ತೂ ಅವಳ ಪಕ್ಕ ಕುಳಿತು, ಗಿಡ ಬಿದ್ದದ್ದು ಗಾಳಿಗೆ, ನಿನ್ನಿಂದಲ್ಲ ಎಂದು ಹೇಳಹೋದೆ. ಅವ್ವ ನನ್ನ ಮುಖವನ್ನೂ ನೋಡಲಿಲ್ಲ.

"ಸಾಕವಾ. ನೀ ಕಲ್ತಾಕಿ. ಸಸಿ ಇದ್ದಿದ್ರ ಅಂತ ಅವತ್ತ ಹೇಳಿದ್ದ ಖರೆ ಇತ್ತು."