ಅತ್ತರು ಬೆರೆಸಿದ ಕಂಬಳಿ

ಮೊನ್ನೆಯ ಮಳೆಗೆ ಬಾಲ್ಕನಿಯಲ್ಲಿ ಹಾಕಿದ್ದ ಕಂಬಳಿ ನೆನೆಯಿತು. ಒಳಗೆ ತಂದು ಕುರ್ಚಿಯ ಮೇಲೆ ಹರವಿದೆ. ಸ್ವಲ್ಪ ಹೊತ್ತಿಗೆ ವಿದ್ಯಾಗಿರಿಯ ನಮ್ಮ ಬಾಡಿಗೆ ಮನೆ ತುಂಬ ಹಸಿ ಉಣ್ಣೆಯ ವಾಸನೆ, ಹುಣಸೆ ಬೀಜದ ಗಂಜಿಯ ವಾಸನೆ, ಎಲ್ಲೋ ತಳದಲ್ಲಿ ಅತ್ತರು... ಮೂರೂ ಸೇರಿದರೆ ನನಗೆ ಅಕ್ಕನ ನೆನಪು.

ಒಡಹುಟ್ಟಿದ ಅಕ್ಕ ಅಲ್ಲ, ಪಕ್ಕದ ಮನೆಯವಳು. ಕೆರೂರಿನಿಂದ ಒಳಗೆ, ಗುಡ್ಡದ ಬುಡದಲ್ಲಿ ನಮ್ಮೂರು. ಕುರಿ ಸಾಕುವವರೇ ಹೆಚ್ಚು. ಉಣ್ಣೆ ಕೊಳ್ಳುವವರಿಲ್ಲದೆ ಕತ್ತರಿಸಿದಲ್ಲೇ ಬಿಸಾಡುತ್ತಿದ್ದರು. ನೇಯುತ್ತಿದ್ದ ಗಂಡಸರು ಗೋವಾದ ಕಟ್ಟಡ ಕೆಲಸಕ್ಕೆ ಹೋಗಿದ್ದರು. ಡಿಗ್ರಿ ಮುಗಿಸಿ ಬಂದ ಅಕ್ಕ ನೌಕರಿ ಹುಡುಕಲಿಲ್ಲ. ಆ ಉಣ್ಣೆ ಆರಿಸಿ ತಂದು, ನಾವೇ ಮಗ್ಗಕ್ಕೆ ಕೂತರಾಯಿತು ಎಂದಳು. ನಮ್ಮಂಥ ನಾಲ್ಕಾರು ಹುಡುಗಿಯರನ್ನು ಸೇರಿಸಿ ಕಂಬಳಿ, ಚೀಲ ಮಾಡಿ ಮಾರುವ ಸಂಘ ಕಟ್ಟಿದಳು. ಊರಿನ ಹುಡುಗಿಯರು ಊರಲ್ಲೇ ದುಡಿದು ಬದುಕಬೇಕು ಎನ್ನುವುದು ಅವಳ ಹಟ.

ತೊಡಕು ಮನೆಯೊಳಗೇ ಇತ್ತು. ಅವಳ ಅಜ್ಜ ಊರಿಗೆಲ್ಲ ಮುತ್ಯಾ. ಬೀರಪ್ಪನ ಗುಡಿಯ ಪೂಜಾರಿ, ನೇಯುವುದು ಬಲ್ಲವರಲ್ಲಿ ಊರಲ್ಲಿ ಉಳಿದವನು ಅವನೊಬ್ಬನೇ. ನಮ್ಮಲ್ಲಿ ಹೆಂಗಸರು ನೂಲು ತೆಗೆಯಬಹುದು, ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಂಡಿಗೆ, ಮಗ್ಗದ ಕುಣಿಗೆ, ಇಳಿಯುವಂತಿಲ್ಲ. ಅಕ್ಕ ಇಳಿದಳು. ಮುತ್ಯಾ ಬೆನ್ನು ತಿರುಗಿಸಿ ಕಟ್ಟೆಯ ಮೇಲೆ ಕೂತ. ಕಲಿಸುವುದಿಲ್ಲ ಎಂದವನ ಕಿವಿ ಮಾತ್ರ ಮಗ್ಗದ ಮೇಲೇ ಇತ್ತು.

"ಎಳಿ ಸಡ್ಲ ಬಿಟ್ಟೀರಿ... ಸಪ್ಪಳಾನ ಹೇಳ್ತೈತಿ" ಎಂದು ಎದುರಿನ ಗೋಡೆಯನ್ನು ಬೈಯುತ್ತಿದ್ದ.

"ಈ ಕಡಿ ಹೊಳ್ಳಿ ಬೈಯಬಾರದೇನು ಮುತ್ಯಾ?" ಎಂದು ಅಕ್ಕ ನಗುತ್ತಿದ್ದಳು. ಹೀಗೆ ಗೋಡೆ ತಿಂದ ಬೈಗುಳದಿಂದಲೇ ನಾವು ನೇಯುವುದು ಕಲಿತೆವು.

ಕಂಬಳಿ ಕುರಿ ವಾಸನೆ ಹೊಡೆಯುತ್ತದೆ ಎಂದು ಪೇಟೆಯವರು ಮೂಗು ಮುರಿದರು. ಅಕ್ಕ ಇಳಕಲ್ಲಿನ ಅತ್ತರಿನ ಚಾಚಾನಿಂದ ಬಾಟಲಿ ತಂದು, ಕಂಬಳಿ ಗಟ್ಟಿಯಾಗಲೆಂದು ಬಳಿಯುವ ಹುಣಸೆ ಬೀಜದ ಗಂಜಿಗೆ ಸುರಿದಳು. ಆ ಕಂಬಳಿಗಳಲ್ಲೊಂದನ್ನು ಅವಳ ಕಾಕಾ ಹೊದ್ದು ಹಟ್ಟಿಗೆ ಹೋದ. ಕುರಿಗಳು ತಮ್ಮ ಧಣಿಯ ಗುರುತು ಸಿಗದೆ ಬೆದರಿ ಗುಡ್ಡ ಹತ್ತಿದವು. ಅವತ್ತು ಮುತ್ಯಾ ಕೂಡ ನಕ್ಕ, ಅದೂ ನಮ್ಮ ಕಡೆ ತಿರುಗಿ.

ಆ ನಗೆಯ ಧೈರ್ಯದ ಮೇಲೆ ಅಕ್ಕ ತಾನು ನೇಯ್ದ ಕರಿ ಕಂಬಳಿಯೊಂದನ್ನು ಅವನ ಮುಂದಿಟ್ಟಳು. ಹಬ್ಬಕ್ಕೆ ಪ್ರತಿ ವರ್ಷ ಹೊಸ ಕಂಬಳಿ ಹಾಸಿ ಬೀರಪ್ಪನನ್ನು ಕೂರಿಸುವುದು ನಮ್ಮೂರ ಪದ್ಧತಿ. ದೇವರಿಗೆ ನಡೆದರೆ ಹಿಂಜರಿಯುತ್ತಿದ್ದ ಮನೆಗಳೂ ಹೆಣ್ಣುಮಕ್ಕಳನ್ನು ಮಗ್ಗಕ್ಕೆ ಕಳಿಸಿಯಾವು ಎಂಬ ಆಸೆ ಅವಳದು.

ಮುತ್ಯಾನ ಮುಖ ಬಿಗಿಯಿತು. "ಹೆಣ್ಮಕ್ಕಳು ನೇಯ್ದದ್ದು ದೇವ್ರಿಗೆ ನಡಿಯಂಗಿಲ್ಲ, ಯವ್ವಾ."

"ಇರ್ಲಿ. ಮುಂದಿನ ವರ್ಷ ಮತ್ತ ತರ್ತೇನಿ." ಅವಳು ಮಡಚಿ ಪೆಟ್ಟಿಗೆಯಲ್ಲಿಟ್ಟಳು.

ಮುಂದಿನ ವರ್ಷ ಅವಳ ಪಾಲಿಗೆ ಬರಲಿಲ್ಲ. ಮಳೆಗಾಲದಲ್ಲಿ ಡೆಂಗಿ ಜ್ವರ ಬಂತು. ದವಾಖಾನೆಗೆ ಹೊರಟಾಗ ಮಗ್ಗಕ್ಕೆ ಬಟ್ಟೆ ಮುಚ್ಚಿರಿ, ಧೂಳು ಕೂರುತ್ತದೆ ಎಂದಿದ್ದಳು...

ಹಬ್ಬದ ದಿನ ಮುತ್ಯಾ ಆ ಕರಿ ಕಂಬಳಿಯನ್ನು ಎದೆಗವಚಿಕೊಂಡು ಗುಡಿಗೆ ಬಂದ. ತಾನೇ ಹಾಸಿದ, ದೇವರನ್ನು ಕೂರಿಸಿದ. ಸುತ್ತಲಿನವರು ಕಣ್ಣೊರೆಸಿಕೊಂಡರು. ನನಗೆ ಬಂದದ್ದು ಸಿಟ್ಟು. ಇದನ್ನೇ ಹೋದ ವರ್ಷ ಮಾಡಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಮುತ್ಯಾ ಹೋಗಿ ಎಷ್ಟೋ ಕಾಲವಾಯಿತು, ಆ ಸಿಟ್ಟು ಇನ್ನೂ ಹೋಗಿಲ್ಲ.

ಅವಳಿಲ್ಲದೆ ಸಂಘ ನಡೆಯಲಿಲ್ಲ. ಕಲಿತ ಕೈಗಳೆಲ್ಲ ಗಂಡನ ಊರು ಸೇರಿದವು, ನನ್ನವೂ. ಮಗ್ಗದ ಕುಣಿಗೆ ಮಣ್ಣು ತುಂಬಿ ಮೇಲೆ ಮೇವು ಒಟ್ಟಿದ್ದಾರೆ.

ಕುರ್ಚಿಯ ಮೇಲಿನ, ಸಂಘದ ಕಾಲದ ಕಂಬಳಿ ಈಗ ಒಣಗುತ್ತಿದೆ. ಅತ್ತರು ಹುಡುಕಲು ಈ ಸಲ ಮೂಗು ಒತ್ತಬೇಕಾಯಿತು. ಮುಂದಿನ ವಾರ ಊರಲ್ಲಿ ಹಬ್ಬ, ಹೋಗುತ್ತೇನೆ. ಬೀರಪ್ಪನಿಗೆ ಹೊಸ ಕಂಬಳಿ ನೇಯುವವರು ಊರಲ್ಲಿ ಯಾರೂ ಉಳಿದಿಲ್ಲ. ಈಗಲೂ ಪ್ರತಿ ವರ್ಷ ಅಕ್ಕನದನ್ನೇ ಹಾಸುತ್ತಾರೆ.